ಫ್ರಿಜ್ಜಿನಲ್ಲಿಟ್ಟ ನೊರೆಹಾಲು

ಜುಲಾಬಿನ ಮಾತು ನಾಲ್ಕು ಜನರ ಮುಂದೆ ಆಡಬಾರದು ಎಂದು ನಮ್ಮನ್ನು ಬೆಳೆಸಿದ್ದಾರೆ. ಅದರಲ್ಲೂ ಹೆಣ್ಣುಮಕ್ಕಳನ್ನು. ನಾನೂ ಹಾಗೇ ಬೆಳೆದವಳು. ಆದರೆ ಹೋದ ವರ್ಷ ಹನ್ನೊಂದು ದಿನ ಬೆಳಗಾವಿಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಮಲಗಿ, ಗುರುತು ಪರಿಚಯವಿಲ್ಲದವರಿಗೆ ಎಷ್ಟು ಸಲ ಆಯಿತು, ಯಾವ ಬಣ್ಣ, ರಕ್ತ ಇತ್ತೋ ಇಲ್ಲವೋ ಎಂದು ಹೇಳಿ ಹೇಳಿ ನನ್ನ ನಾಚಿಕೆಯೆಲ್ಲ ಸವೆದುಹೋಯಿತು. ಈಗ ಯಾರು ಕೇಳಿದರೂ ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ. ಹೇಳಬೇಕಾದ ಹೊತ್ತಿನಲ್ಲಿ ಒಂದೇ ಒಂದು ಮಾತು ಮುಚ್ಚಿಟ್ಟು ಸಾಯುವುದರಲ್ಲಿದ್ದವಳು ನಾನು.

ನನ್ನ ಹೆಸರು ಸುರೇಖಾ. ಚಿಕ್ಕೋಡಿಯ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್. ಜಡ್ಜ್ ಸಾಹೇಬರಿಗಿಂತ ಒಂದು ಮೆಟ್ಟಿಲು ಕೆಳಗೆ, ಫೈಲುಗಳ ಹಿಂದೆ ಅರ್ಧ ಮುಚ್ಚಿಹೋಗಿ ಕೂತಿರುವ ಹೆಂಗಸನ್ನು ನೀವು ಎಂದಾದರೂ ನೋಡಿದ್ದರೆ ಅದು ನಾನೇ. ಫೈಲು ಎತ್ತಿಕೊಡುವುದು, ಮುಂದಿನ ತಾರೀಖು ಬರೆದುಕೊಳ್ಳುವುದು, ಸಾಕ್ಷಿ ಕಟಕಟೆ ಹತ್ತಿದರೆ ಪ್ರಮಾಣ ಮಾಡಿಸುವುದು ನನ್ನ ಕೆಲಸ. ಸತ್ಯವನ್ನೇ ಹೇಳುತ್ತೇನೆ ಎಂದು ಹದಿನಾರು ವರ್ಷದಿಂದ ಮಂದಿಯ ಬಾಯಲ್ಲಿ ಹೇಳಿಸಿದ್ದೇನೆ. ಸುಳ್ಳು ಹೇಳುವವರು ಮಾತು ಶುರುಮಾಡುವ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರೆ, ಅದು ನನಗೆ ಕೂಡಲೇ ತಿಳಿಯುತ್ತದೆ ಎಂದು ನನಗೊಂದು ಜಂಬ.

ಮನೆ ಕಬ್ಬೂರಿನಲ್ಲಿ. ಗಂಡ ಅಣ್ಣಾಸಾಹೇಬ ಕಬ್ಬಿನ ಹೊಲ ನೋಡಿಕೊಳ್ಳುತ್ತಾರೆ. ಮಗಳು ನಿಪ್ಪಾಣಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಅತ್ತೆ ತಾರಾಬಾಯಿಯವರಿಗೆ ನಾಲ್ಕು ಎಮ್ಮೆ. ಎಮ್ಮೆಗಳು ಅವರವೇ, ನಮ್ಮವಲ್ಲ. ನಾವ್ಯಾರಾದರೂ ಕೊಟ್ಟಿಗೆಗೆ ಹೋಗಿ ಹಗ್ಗ ಮುಟ್ಟಿದರೆ ಅವರ ಮುಖ ಬಿಗಿಯಾಗುತ್ತದೆ.

ಹೋದ ಬೇಸಿಗೆಗೆ ಮುಂಚೆ ನನಗೆ ತಿಂಗಳ ಸ್ರಾವ ಹೆಚ್ಚಾಗಿ, ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರುತ್ತಿತ್ತು. ರಕ್ತ ಕಡಿಮೆ ಎಂದು ಡಾಕ್ಟರು ಕಬ್ಬಿಣದ ಗುಳಿಗೆ ಬರೆದುಕೊಟ್ಟರು. ಅತ್ತೆ ಆ ಚೀಟಿ ನೋಡಿ, "ಗುಳಗೀಲೆ ರಕ್ತ ಆಕ್ಕೈತೇನ? ರಕ್ತ ಆಗೂದು ಹಾಲಿನಿಂದ," ಎಂದರು. ಕೊಲ್ಲಾಪುರ ಹತ್ತಿರವಿರುವ ನಮ್ಮ ಊರುಗಳಲ್ಲಿ ತಾಲೀಮಿನ ಪೈಲ್ವಾನನಿಂದ ಹಿಡಿದು ಬಾಣಂತಿಯವರೆಗೆ ಯಾರೇ ಸೊರಗಿದರೂ ಮದ್ದು ಒಂದೇ. ಎಮ್ಮೆಯ ಪಕ್ಕ ನಿಂತು, ಆಗಷ್ಟೇ ಹಿಂಡಿದ ಹಾಲನ್ನು ಕಾಸದೆ, ನೊರೆ ಇಳಿಯುವ ಮುಂಚೆ ಗಟಗಟ ಕುಡಿಯುವುದು. ಕಾಸಿದರೆ ಸತ್ವ ಹೋಗುತ್ತದೆ ಎಂಬ ನಂಬಿಕೆ. ಮೇಲ್ತುಟಿಗೆ ನೊರೆಯ ಮೀಸೆ ಅಂಟಿಸಿಕೊಂಡ ಗಂಡಸರನ್ನು ನೋಡುತ್ತಲೇ ನಾನು ದೊಡ್ಡವಳಾದದ್ದು.

ನನ್ನ ಕಷ್ಟ ಏನೆಂದರೆ, ಎಮ್ಮೆ ಹಿಂಡುವ ಹೊತ್ತಿಗೆ ನಾನು ಅಲ್ಲಿರುತ್ತಿರಲಿಲ್ಲ. ಬೆಳಗಿನ ಹಾಲು ಡೇರಿಗೆ ಹೋಗಬೇಕು. ಸಂಜೆಯ ಹಾಲೇ ಗಟ್ಟಿ, ಅದನ್ನೇ ಕುಡಿಯಬೇಕು ಎಂದು ಅತ್ತೆಯ ಹಟ. ಆದರೆ ಸಂಜೆ ಅವರು ಹಿಂಡುವಾಗ ನಾನಿನ್ನೂ ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತಿದ್ದೆ. ಹಾಗಾಗಿ ಅವರೊಂದು ದಾರಿ ಕಂಡುಕೊಂಡರು. ನನ್ನ ಪಾಲಿನ ನೊರೆಹಾಲನ್ನು ಒಂದು ತಂಬಿಗೆಗೆ ಹಾಕಿ, ಕಾಸದೆ, ಮುಚ್ಚಳ ಮುಚ್ಚಿ ಫ್ರಿಜ್ಜಿನಲ್ಲಿಡುವುದು. ಮರುದಿನ ಬೆಳಗ್ಗೆ ಬಸ್ಸಿಗೆ ಓಡುವ ಮುಂಚೆ ಖಾಲಿ ಹೊಟ್ಟೆಯಲ್ಲಿ ಅದರ ಜೊತೆ ಕಬ್ಬಿಣದ ಗುಳಿಗೆ ನುಂಗುವುದು. ಒಂದು ದಿನ ಬಿಟ್ಟುಹೋದರೆ ಅದು ಮರುದಿನಕ್ಕೆ, ಇಲ್ಲವೇ ಭಾನುವಾರಕ್ಕೆ ಉಳಿಯುತ್ತಿತ್ತು. ಕೆಡಲಿಲ್ಲವಲ್ಲ, ತಣ್ಣಗಿದೆಯಲ್ಲ ಎಂದು ಕುಡಿಯುತ್ತಿದ್ದೆ. ನಮ್ಮ ಹಿರಿಯರಿಗೆ ಫ್ರಿಜ್ಜು ಇರಲಿಲ್ಲ, ಫ್ರಿಜ್ಜು ಇರುವ ಊರಿನವರಿಗೆ ನೊರೆಹಾಲಿನ ಹುಚ್ಚಿಲ್ಲ. ಎರಡನ್ನೂ ಕೂಡಿಸಿದ ಜಾಣರು ನಾವೇ.

ನೋವು ಶುರುವಾದದ್ದು ಕೋರ್ಟಿನಲ್ಲಿ. ಜಮೀನಿನ ದಾವೆಯೊಂದರ ಪಾಟೀಸವಾಲು ನಡೆಯುತ್ತಿತ್ತು. ಹೊಟ್ಟೆಯ ಬಲಗಡೆ, ಕೆಳಗೆ, ಯಾರೋ ಒಳಗಿನಿಂದ ಹಿಡಿದು ತಿರುವಿದ ಹಾಗಾಯಿತು. ವಕೀಲರ ಪ್ರಶ್ನೆ ಮುಗಿಯುವ ಮೊದಲೇ ಎದ್ದು ಹೊರಗೆ ನಡೆದೆ. ಹದಿನಾರು ವರ್ಷದಲ್ಲಿ ನಾನು ಹಾಗೆ ನಡುವೆ ಎದ್ದದ್ದು ಅದೇ ಮೊದಲು. ಸಾಹೇಬರು ಕನ್ನಡಕದ ಮೇಲಿನಿಂದ ನೋಡಿದರು. ಆ ಮಧ್ಯಾಹ್ನ ಐದು ಸಲ ಎದ್ದೆ.

ಸಂಜೆ ಬಸ್ಸಿನಲ್ಲಿ ಇನ್ನೂ ಕಷ್ಟ. ಅರ್ಧ ದಾರಿಯಲ್ಲಿ ತಡೆಯಲಾಗದೆ ಕಂಡಕ್ಟರನ ಹತ್ತಿರ ಹೋಗಿ, "ಅಣ್ಣಾ, ಬಸ್ಸ ಒಂದೀಟ ನಿಂದ್ರಸ್ರಿ," ಎಂದೆ. ಅವನು ನನ್ನ ಮುಖ ನೋಡಿದ. ಸೀಟಿ ಊದಿದ. ನಾನು ಕಬ್ಬಿನ ಹೊಲದೊಳಗೆ ಇಳಿದೆ. ವಾಪಸು ಬಂದಾಗ ಬಸ್ಸಿನ ನಲವತ್ತು ಮಂದಿಯೂ ಇನ್ನೊಂದು ಬದಿಯ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಅವನೇ ಹಾಗೆ ಹೇಳಿ ಕೂರಿಸಿದ್ದ. ಆ ಕಂಡಕ್ಟರನ ಉಪಕಾರ ನಾನು ಮರೆಯುವುದಿಲ್ಲ.

ಮೂರನೇ ದಿನ ಜ್ವರ ಬಂತು. ಅತ್ತೆಗೆ ಗಾಬರಿ. ಸೊಸೆ ಒಣಗುತ್ತಿದ್ದಾಳೆ, ಮೈಯಲ್ಲಿ ಕಸುವಿಲ್ಲ. ಒಂದು ತಂಬಿಗೆಯ ಜಾಗದಲ್ಲಿ ಎರಡು ತಂಬಿಗೆ ತಣ್ಣನೆಯ ಹಾಲು ಬಂತು. "ಹೊಟ್ಟೀಗಿ ತಂಪ ಆಕ್ಕೈತಿ, ಕುಡಿ," ಎಂದು ತಲೆ ಎತ್ತಿ ಹಿಡಿದು ಕುಡಿಸಿದರು. ಜಡ್ಡಿನ ಮೂಲವನ್ನೇ ನಾವು ಮದ್ದೆಂದು ಹೊಟ್ಟೆಗೆ ಸುರಿಯುತ್ತಿದ್ದೆವು. ಹಾಲು ಇಳಿದು ತಾಸಿನಲ್ಲಿ ನಾನು ಮತ್ತೆ ಬಚ್ಚಲಿಗೆ ಓಡುತ್ತಿದ್ದೆ.

ಚಿಕ್ಕೋಡಿಯ ಸರ್ಜನ್ ಹೊಟ್ಟೆಯ ಬಲಗಡೆ ಒತ್ತಿ ಕೈ ಬಿಟ್ಟದ್ದೇ ನಾನು ಚೀರಿದೆ. "ಅಪೆಂಡಿಕ್ಸ್ ಐತ್ರಿ. ಇವತ್ತ ಆಪರೇಶನ್ ಮಾಡಬೇಕು," ಎಂದರು. ಗಂಡ ತಲೆಯಾಡಿಸಿದರು. ನನ್ನನ್ನು ಹಸಿರು ಗೌನಿಗೆ ಬದಲಾಯಿಸಿ, ಬಳೆ ತೆಗೆಸಿ, ತಾಳಿಯನ್ನು ಅತ್ತೆಯ ಕೈಗೆ ಕೊಡಿಸಿದ ಮೇಲೆ ಸ್ಕ್ಯಾನಿಂಗ್ ರಿಪೋರ್ಟು ಬಂತು. ಸರ್ಜನ್ ಅದನ್ನು ಎರಡು ಸಲ ಓದಿದರು. ಅಪೆಂಡಿಕ್ಸ್ ಸರಿಯಾಗಿಯೇ ಇತ್ತು. ಅದರ ಪಕ್ಕದ ಸಣ್ಣ ಕರುಳಿನ ತುದಿ ಬಾತಿತ್ತು, ಸುತ್ತಲಿನ ಗಂಟುಗಳೂ ಊದಿದ್ದವು. "ನಾ ಇದನ್ನ ಕೊಯ್ಯೂದಿಲ್ರಿ. ನನಗ ಇದು ಬ್ಯಾರೇನ ಅನ್ನಸಾಕತ್ತೈತಿ. ಬೆಳಗಾವಿಗೆ ಹೋಗ್ರಿ, ತಡಾ ಮಾಡಬ್ಯಾಡ್ರಿ," ಎಂದರು. ಕೊಯ್ಯುವವರು ಕೊಯ್ಯುವುದಿಲ್ಲ ಎಂದರೆ ಸಮಾಧಾನವಾಗಬೇಕು. ನನಗೆ ಭಯ ಇನ್ನೂ ಹೆಚ್ಚಾಯಿತು.

ಬೆಳಗಾವಿಯ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಕುರ್ಚಿಗಳೆಲ್ಲ ಒಂದಕ್ಕೊಂದು ಬೆಸೆದಿದ್ದವು. ಒಬ್ಬರು ಕಾಲು ಅಲುಗಾಡಿಸಿದರೆ ಇಡೀ ಸಾಲು ಅಲುಗುತ್ತಿತ್ತು. ಅಲ್ಲಿ ಕೂತು ಮೂರು ತಾಸು ಕಾದೆವು. ನಮ್ಮ ಕೋರ್ಟಿನ ಹೊರಗಿನ ವರಾಂಡದಲ್ಲಿ ಮಂದಿ ಇಡೀ ದಿನ ಕೂರುವುದನ್ನು ನಾನು ಒಳಗಿನಿಂದ ಮಾತ್ರ ನೋಡಿದ್ದೆ. "ನಿಮ್ಮ ಕೇಸು ಇವತ್ತಾಗುವುದಿಲ್ಲ, ಮುಂದಿನ ತಾರೀಖಿಗೆ ಬನ್ನಿ" ಎಂದು ತಲೆ ಎತ್ತದೆ ಹೇಳಿದ್ದು ಎಷ್ಟು ಸಲವೋ. ಅಂದು ಕೌಂಟರಿನ ಹುಡುಗಿ ನನಗೆ ತಲೆ ಎತ್ತದೆ, "ಇನ್ನೂ ಟೈಮಾಗುತ್ತೆ," ಎಂದಾಗ ಅವಳ ಮೇಲೆ ಸಿಟ್ಟು ಬಂತು, ಆಮೇಲೆ ನನ್ನ ಮೇಲೂ ಬಂತು.

ಅಡ್ಮಿಟ್ ಮಾಡಿಕೊಂಡರು. ಕ್ಯಾಮೆರಾ ಹಾಕಿ ಕರುಳು ನೋಡಿದರು. ಒಳಗೆ ಹುಣ್ಣುಗಳಿದ್ದವು. ಮೊದಲು ಹೊರಬಿದ್ದ ಶಬ್ದ ಟಿಬಿ. ಕೆಮ್ಮದೆಯೂ ಟಿಬಿ ಬರುತ್ತದೆ, ಕರುಳಿಗೂ ಬರುತ್ತದೆ ಎಂದು ಅಂದೇ ನನಗೆ ಗೊತ್ತಾದದ್ದು. ಶಿರಗುಪ್ಪಿಯಿಂದ ನಾದಿನಿ ನನ್ನ ಗಂಡನಿಗೆ ಫೋನ್ ಮಾಡಿ, "ಅಣ್ಣಾ, ಟಿಬಿ ಅಂತ ಯಾರ ಮುಂದನೂ ಅನ್ನಬ್ಯಾಡ. ನಾಳೆ ಹುಡುಗೀಗಿ ವರಾ ನೋಡೂದೈತಿ," ಎಂದಳಂತೆ. ನನ್ನ ಮಗಳಿಗಿನ್ನೂ ಹದಿನೇಳು. ಸಿಟ್ಟಿನಿಂದ ಜ್ವರ ಒಂದು ಡಿಗ್ರಿ ಏರಿತು ಎಂದು ನಾನು ಈಗಲೂ ಅವಳನ್ನು ಕಾಡುತ್ತೇನೆ. ಎರಡು ದಿನದ ಮೇಲೆ ಟಿಬಿ ಇಲ್ಲ ಎಂಬ ರಿಪೋರ್ಟು ಬಂತು. ಮಾಮೂಲಿ ಕ್ರಿಮಿಗಳ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ. ಜ್ವರ ಮಾತ್ರ ದಿನಾ ತಪ್ಪದೆ ಹಾಜರಾಗುತ್ತಿತ್ತು.

ನಾಲ್ಕನೇ ದಿನ ಬೆಳಗ್ಗೆ ನಫೀಸಾ ಬಂದಳು. ವಿಜಯಪುರದ ಕಡೆಯ ಹುಡುಗಿ, ಅದೇ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ತಲೆಯ ಮೇಲೆ ದುಪಟ್ಟಾ, ಕೈಯಲ್ಲಿ ನಾಲ್ಕು ಪುಟದ ಪ್ರಶ್ನಾವಳಿ. ಯೆರ್ಸೀನಿಯಾ ಎಂಬ ಕ್ರಿಮಿಯಿಂದ ಕರುಳಿಗೆ ತಗಲುವ ಸೋಂಕಿನ ಮೇಲೆ ಅವಳ ಕೆಲಸ. ಆ ಹೆಸರನ್ನು ನಾನು ಮೂರು ಸಲ ಹೇಳಿಸಿದೆ.

"ನಮ್ಮ ಕಡೆ ಇದು ಸಿಗೂದಿಲ್ಲ ಅಂತಾರ್ರಿ ಎಲ್ಲಾರೂ. ಸಿಗೂದಿಲ್ಲ ಯಾಕಂದ್ರ ಯಾರೂ ಹುಡುಕೂದಿಲ್ಲ," ಎಂದಳು ನಫೀಸಾ. "ಬ್ಯಾರೆ ಕ್ರಿಮಿ ಮೈಬಿಸಿಯೊಳಗ ಬೆಳೀತಾವ. ಇದಕ್ಕ ತಂಪು ಬೇಕ್ರಿ, ಫ್ರಿಜ್ಜಿನ್ಯಾಗೂ ಬೆಳೀತೈತಿ. ಇದನ್ನ ಹಿಡೀಬೇಕಂದ್ರ ಕ್ರಿಮಿ ಬೆಳಸಾಕ ಬ್ಯಾರೆ ಪ್ಲೇಟು, ಬ್ಯಾರೆ ವ್ಯವಸ್ಥಾ. ಪ್ಲೇಟ ನನ್ನ ಕಡೆ ಭಾಳ ಕಡಿಮಿ ಅದಾವು. ಅದಕ್ಕ ಮೊದಲ ಎಲ್ಲಾ ಕೇಳಿ, ಸಂಶಯ ಇದ್ದವರ ಸ್ಯಾಂಪಲ್ ಅಷ್ಟ ಹಾಕ್ತೀನ್ರಿ."

ಒಂದೊಂದೇ ಕೇಳುತ್ತ ಬಂದಳು. ಬಾವಿ ನೀರೋ ನಳದ ನೀರೋ. ಮಾಂಸ ತಿನ್ನುತ್ತೀರೋ. ಏನೇನು ಗುಳಿಗೆ ನುಂಗುತ್ತೀರಿ. ಕಬ್ಬಿಣದ ಗುಳಿಗೆ ಎಂದೆ. ಅವಳ ಪೆನ್ನು ನಿಂತಿತು. "ಈ ಕ್ರಿಮಿಗೆ ಕಬ್ಬಿಣ ಅಂದ್ರ ಭಾಳ ಪ್ರೀತಿ ರೀ," ಎಂದು ನನ್ನನ್ನೇ ನೋಡಿ, ಮುಂದಿನ ಪ್ರಶ್ನೆ ಕೇಳಿದಳು. "ಹಸಿ ಹಾಲು, ಅಂದ್ರ ಕಾಸಲಾರದ ಹಾಲು, ಕುಡಿಯೂ ರೂಢಿ ಐತೇನ್ರಿ ಮನ್ಯಾಗ?"

ಅತ್ತೆ ನನ್ನ ಕಾಲ ಬಳಿ ಸ್ಟೂಲಿನ ಮೇಲೆ ಕೂತು ಮೋಸಂಬಿ ಸುಲಿಯುತ್ತಿದ್ದರು. ಅವರ ಕೈ ನಿಂತದ್ದು ನನಗೆ ಕಂಡಿತು.

ಇಲ್ಲಿ ಒಂದು ವಿಷಯ ಹೇಳಬೇಕು. ಅಂದು ಬೆಳಗ್ಗೆಯೇ ಪಕ್ಕದ ಹಾಸಿಗೆಯ ಹೆಂಗಸಿಗೆ ಮನೆಯವರು ಯಾವುದೋ ನಾಟಿ ಔಷಧ ಕುಡಿಸಿದ್ದರೆಂದು ಒಬ್ಬ ನರ್ಸ್ ಇಡೀ ವಾರ್ಡಿಗೆ ಕೇಳುವಂತೆ ಬೈದಿದ್ದಳು. "ನೀವೇ ಕೊಲ್ಲಾಕತ್ತೀರಲ್ಲ ಆಕೀನ!" ಎಂದಿದ್ದಳು. ಆ ಹೆಂಗಸಿನ ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗೋಡೆಗೆ ತಿರುಗಿ ಕೂತವಳು ಇನ್ನೂ ತಿರುಗಿರಲಿಲ್ಲ. ನನ್ನ ಕಣ್ಣೆದುರಿಗೆ ಅದೇ ಇತ್ತು. ಜೊತೆಗೆ ನನ್ನದೂ ಒಂದು ಒಣ ಪ್ರತಿಷ್ಠೆ ಇತ್ತು. ಸರ್ಕಾರಿ ನೌಕರಳು, ಓದಿದವಳು, ಪೈಲ್ವಾನರ ಹಾಗೆ ಹಸಿ ಹಾಲು ಕುಡಿಯುತ್ತೇನೆ ಎಂದು ಈ ಹುಡುಗಿಯ ಮುಂದೆ ಒಪ್ಪಿಕೊಳ್ಳುವುದೇ?

ಗಂಟಲು ಸರಿಮಾಡಿಕೊಂಡೆ. "ಇಲ್ರಿ. ನಮ್ಮನ್ಯಾಗ ಎಲ್ಲಾ ಕಾಸೇ ಕುಡೀತೀವ್ರಿ," ಎಂದೆ.

ಅತ್ತೆ ಮತ್ತೆ ಮೋಸಂಬಿ ಸುಲಿಯತೊಡಗಿದರು. ನಫೀಸಾ ಇಲ್ಲ ಎಂದು ಗುರುತು ಹಾಕಿಕೊಂಡಳು. ಪುಟ ಮಡಚಿ, "ನಿಮ್ಮದು ಹಾಕೂದು ಬ್ಯಾಡ ಅನಸ್ತೈತ್ರಿ," ಎಂದು ಹೇಳಿ ಹೋದಳು.

ಅಂದು ಸಂಜೆ ಹಿರಿಯ ಡಾಕ್ಟರು ಬಂದು ಕುರ್ಚಿ ಎಳೆದುಕೊಂಡು ಕೂತರು. ಡಾಕ್ಟರು ನಿಂತು ಮಾತಾಡಿದರೆ ಪರವಾಗಿಲ್ಲ, ಕೂತರೆ ವಿಷಯ ದೊಡ್ಡದು ಎಂದು ಆ ವಾರ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ನಮ್ಮ ದೇಹವೇ ನಮ್ಮ ಕರುಳಿನ ಮೇಲೆ ತಿರುಗಿಬೀಳುವ ಒಂದು ರೋಗವಿದೆ, ಅದು ಜನ್ಮಪೂರ್ತಿ ಇರುತ್ತದೆ, ನಿಮ್ಮದು ಅದೇ ಇರಬಹುದು ಎಂದರು. "ಸ್ಟೆರಾಯ್ಡ್ ಶುರು ಮಾಡಬೇಕಾಗುತ್ತೆ. ಆದರೆ ಒಳಗೆ ಎಲ್ಲಾದರೂ ಸೋಂಕು ಅಡಗಿದ್ದರೆ ಸ್ಟೆರಾಯ್ಡ್ ಕೊಡೋದು ಅಪಾಯ. ಅದು ರಕ್ತಕ್ಕೆ ಇಳಿದರೆ ನಮ್ಮ ಕೈಯಲ್ಲಿ ಇರಲ್ಲ. ನಿಮ್ಮ ಪರೀಕ್ಷೆಗಳಲ್ಲಿ ಸೋಂಕು ಸಿಕ್ಕಿಲ್ಲ. ಹಾಗಾಗಿ ನಾಳೆ ಶುರು ಮಾಡೋಣ," ಎಂದರು.

ಅವರು ಹೋದ ಮೇಲೆ ಗಂಡ, "ಅಂತೂ ಏನ ಅನ್ನೂದರ ಗೊತ್ತಾತಲ್ಲ," ಎಂದರು. ಅವರ ಮುಖದಲ್ಲಿ ಎಷ್ಟೋ ದಿನದ ಮೇಲೆ ಗೆಲುವು ಕಂಡಿತು. ನಾನು ಅತ್ತೆಯ ಕಡೆ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ.

ಮರುದಿನ ಬೆಳಗ್ಗೆ ಒಪ್ಪಿಗೆ ಪತ್ರ ತಂದರು. ಜ್ವರ ನೂರಾಮೂರು ಇತ್ತು. ಸೂಜಿ ಟ್ರೇಯಲ್ಲಿ ತಯಾರಾಗಿತ್ತು. ಸಾಮಾನ್ಯವಾಗಿ ಯಾರೂ ಆ ಕಾಗದ ಓದುವುದಿಲ್ಲ, ತೋರಿಸಿದಲ್ಲಿ ಸಹಿ ಹಾಕುತ್ತಾರೆ. ಆದರೆ ಕಾಗದ ಓದದೆ ಸಹಿ ಹಾಕುವ ಅಭ್ಯಾಸ ನನಗಿಲ್ಲ. ಕಣ್ಣು ಉರಿಯುತ್ತಿದ್ದರೂ ಒಂದೊಂದೇ ಸಾಲು ಓದಿದೆ. ಆರನೆಯದೋ ಏಳನೆಯದೋ ಸಾಲು: "ನನಗೆ ತಿಳಿದಿರುವ ಎಲ್ಲ ಮಾಹಿತಿಯನ್ನು ವೈದ್ಯರಿಗೆ ಸತ್ಯವಾಗಿ ತಿಳಿಸಿರುತ್ತೇನೆ."

ಪೆನ್ನು ಅಲ್ಲೇ ನಿಂತಿತು. ಗಂಡ, "ಹೂಂ, ಹಾಕು," ಎಂದರು. ನರ್ಸ್ ಗಡಿಯಾರ ನೋಡಿದಳು. ನನಗೆ ಅಳು ಬಂತು. ಎಷ್ಟೋ ಸಾಕ್ಷಿಗಳನ್ನು ಒಳಗೊಳಗೇ ನಕ್ಕು ನೋಡಿದವಳು ನಾನು. ಇವತ್ತು ಅವರಿಗಿಂತ ದೊಡ್ಡ ಸುಳ್ಳುಗಾತಿ ನಾನೇ. ಅವರು ಒಂದು ತುಂಡು ಹೊಲಕ್ಕಾಗಿ ಸುಳ್ಳು ಹೇಳಿದ್ದರು. ನಾನು ಹೇಳಿದ್ದು ಇನ್ನೊಬ್ಬರ ಮರ್ಯಾದೆಗೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಈಗ ನೋಡಿದರೆ ಅದಕ್ಕೆ ನನ್ನ ಜೀವವನ್ನೇ ಅಡ ಇಡಬೇಕಾಗಿತ್ತು.

"ನಾ ಸಹಿ ಮಾಡೂದಿಲ್ರಿ. ಆ ನಫೀಸಾನ ಕರೀರಿ," ಎಂದೆ.

"ಯಾಕ? ಏನಾತು?"

"ಕರೀರಿ ಅಂದ್ನಿ!"

ಗಂಡ ಓಡಿದರು. ನಫೀಸಾ ಬಿಳಿ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಂದಳು. ಅವಳ ಹಿಂದೆ ಹಿರಿಯ ಡಾಕ್ಟರು. ನಾನು ಎಲ್ಲ ಹೇಳಿದೆ. ಎಮ್ಮೆ, ನೊರೆ, ತಂಬಿಗೆ, ಫ್ರಿಜ್ಜು, ಭಾನುವಾರಕ್ಕೆ ಉಳಿದ ಹಾಲು, ಅದರ ಜೊತೆಗೆ ಗುಳಿಗೆ. ಹೇಳುವಾಗ ನಾನು ಅತ್ತೆಯ ಮುಖ ನೋಡಲಿಲ್ಲ. ಅವರು ಎದ್ದ ಸದ್ದು ಮಾತ್ರ ಕೇಳಿಸಿತು. ತಿರುಗಿ ನೋಡುವಷ್ಟರಲ್ಲಿ ಸ್ಟೂಲು ಖಾಲಿಯಾಗಿತ್ತು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಒರೆಸಿಕೊಂಡು, "ಇದನ್ನ ಮೊದಲೇ ಹೇಳಿದ್ದರೆ ಇಷ್ಟು ದಿನ ವ್ಯರ್ಥ ಆಗ್ತಿರಲಿಲ್ಲಮ್ಮ," ಎಂದರು. ಆಮೇಲೆ ನಫೀಸಾಗೆ ಸ್ಯಾಂಪಲ್ ತೆಗೆದುಕೊಳ್ಳಲು ಹೇಳಿ, ಸೂಜಿಯ ಟ್ರೇ ಹಿಂದಕ್ಕೆ ಕಳಿಸಿದರು. ಬೇರೆ ಆಂಟಿಬಯೋಟಿಕ್ ಶುರುಮಾಡಿಸಿದರು. "ಎರಡು ದಿನ ಕಾಯ್ತೀನಿ. ಅಷ್ಟರಲ್ಲಿ ಜ್ವರ ಇಳೀಬೇಕು, ಇಲ್ಲಾ ಪ್ಲೇಟಿನಲ್ಲಿ ಏನಾದರೂ ಬರಬೇಕು. ಎರಡೂ ಆಗದಿದ್ದರೆ ಮತ್ತೆ ಯೋಚನೆ ಮಾಡಬೇಕಾಗುತ್ತೆ."

ಆ ಹಗಲು ರಾತ್ರಿ ನಾನು ಸೂಜಿಗಿಂತ ಹೆಚ್ಚು ಅತ್ತೆಯ ಬಗ್ಗೆ ಹೆದರಿದೆ. ಅವರು ಎಲ್ಲಿ ಹೋದರೆಂದು ಯಾರಿಗೂ ಗೊತ್ತಿಲ್ಲ. ಫೋನು ಇಟ್ಟುಕೊಳ್ಳುವವರಲ್ಲ. ಅವರ ಕೈಚೀಲ, ಚಾದರ ಎಲ್ಲ ಹಾಸಿಗೆಯ ಕೆಳಗೇ ಇತ್ತು. ಗಂಡ ಆಸ್ಪತ್ರೆಯ ಗುಡಿ, ಚಹಾದಂಗಡಿ, ಬಸ್ ಸ್ಟ್ಯಾಂಡು ಎಲ್ಲ ತಿರುಗಿ ಬಂದರು. "ನೀ ಮಂದೀ ಮುಂದ ಹಂಗ ಹೇಳಬಾರದಿತ್ತು," ಎಂದರು. ಐದು ನಿಮಿಷ ಬಿಟ್ಟು, "ಹೇಳಿದ್ದ ಚಲೋ ಆತು," ಎಂದರು. ಪಾಪ, ಒಂದು ಕಡೆ ತಾಯಿ, ಇನ್ನೊಂದು ಕಡೆ ನಾನು, ಅವರಿಗೆ ಯಾವ ಮಾತು ಆಡಬೇಕೆಂದೇ ತಿಳಿಯುತ್ತಿರಲಿಲ್ಲ. ಜ್ವರ ಅಂದು ಇಳಿಯಲಿಲ್ಲ. ನಡುಗುತ್ತ ಬಾಗಿಲನ್ನೇ ನೋಡುತ್ತಿದ್ದೆ. ಕರುಳು ಹೇಗಾದರೂ ಹಾಳಾಗಿ ಹೋಗಲಿ, ಈ ಮುದುಕಿಗೆ ಏನೂ ಆಗದಿರಲಿ ಎಂದು ಎಲ್ಲ ದೇವರನ್ನೂ ಬೇಡಿಕೊಂಡೆ.

ಮರುದಿನ ಮಧ್ಯಾಹ್ನದ ಊಟದ ಗಾಡಿ ಬಂದಾಗ ಅದರ ಹಿಂದೆಯೇ ಅತ್ತೆ ಬಂದರು. ಉಟ್ಟ ಸೀರೆ ನಿನ್ನೆಯದೇ. ಎದೆಗೆ ಒಂದು ಗಂಟು ಅವುಚಿ ಹಿಡಿದಿದ್ದರು. ಒದ್ದೆ ಟವೆಲಿನಲ್ಲಿ ಸುತ್ತಿದ ತಂಬಿಗೆ. ಒಬ್ಬರೇ ಬಸ್ಸು ಹತ್ತಿ ಕಬ್ಬೂರಿಗೆ ಹೋಗಿ, ಮೊದಲ ಬಸ್ಸಿಗೆ ವಾಪಸು ಹೊರಟು, ದಾರಿಯುದ್ದಕ್ಕೂ ಆ ಟವೆಲಿಗೆ ನೀರು ಹಾಕುತ್ತ ಬಂದಿದ್ದರು.

"ಆ ಹುಡಿಗೀನ ಕರೀರಿ," ಎಂದರು. ನಫೀಸಾ ಬಂದ ಕೂಡಲೇ ತಂಬಿಗೆ ಮುಂದೆ ಚಾಚಿದರು. "ನಾವು ದವಾಖಾನಿಗೆ ಬರೂ ದಿನ ಇಟ್ಟಿದ್ದ ಹಾಲು ಇದು. ಈಕಿ ಆರಾಮಾಗಿ ಬಂದ ಮ್ಯಾಲ ಕುಡೀಲಿ ಅಂತ ಫ್ರಿಜ್ಜಿನ್ಯಾಗ ಹಂಗ ಬಿಟ್ಟಿದ್ನಿ. ಇದನ್ನ ತಪಾಸ ಮಾಡ್ರಿ ಬಾಯಾರ. ಇದ್ರಾಗ ಐತೋ ಇಲ್ಲೋ ಹೇಳ್ರಿ. ನನ್ನ ಕೈಲೇ ಆಗೇತೋ ಇಲ್ಲೋ, ನನಗ ಗೊತ್ತಾಗಬೇಕು."

ಹುಳಿ ವಾಸನೆ ವಾರ್ಡಿನಲ್ಲೆಲ್ಲ ಹರಡಿತು. ನಫೀಸಾ ಮೂಗು ಮುಚ್ಚಲಿಲ್ಲ. ಎರಡೂ ಕೈಯಿಂದ ತಂಬಿಗೆ ತೆಗೆದುಕೊಂಡು, "ಭಾಳ ಉಪಕಾರ ಆತ್ರಿ ಆಯಿ," ಎಂದಳು.

ಅವಳು ಹೋದ ಮೇಲೆ ಅತ್ತೆ ಸ್ಟೂಲಿನ ಮೇಲೆ ಕೂತರು. "ಆವತ್ತ ನೀ ಇಲ್ಲ ಅಂದಿ. ನಾ ಇಲ್ಲೇ ಕುಂತಿದ್ನಿ. ನನಗ ಬಾಯಿ ಇರಲಿಲ್ಲೇನ?" ಎಂದರು. "ಹಾಲಿನ್ಯಾಗ ಏನ ಇರತೈತಿ ಅಂತ ಅಂದ್ಕೊಂಡ್ನಿ. ನಾಳೆ ಸೂಜಿ ಅಂದಾಗ ಮತ್ತ ಹೇಳೂಣು ಅನಸ್ತು. ಮಂದಿ ಏನಂದಾರು ಅಂತ ಸುಮ್ಮನಾದ್ನಿ. ನಿನ್ನ ಸಾಯಾಕ ಬಿಟ್ಟ ಕುಂತಿದ್ನೆಲ್ಲ ಸುರೇಖಾ."

"ನಾನೂ ಬಿಟ್ಟ ಕುಂತಿದ್ನಲ್ರಿ ಅತ್ತಿ," ಎಂದೆ. ಇಬ್ಬರೂ ಅತ್ತೆವು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ನಾವಿಬ್ಬರೂ ಒಟ್ಟಿಗೆ ಕೂತು ಅತ್ತದ್ದು ಅದೇ ಮೊದಲು. ಜಗಳವಾಡಿ ಬೇರೆ ಬೇರೆ ಕೋಣೆಯಲ್ಲಿ ಅತ್ತದ್ದು ಬೇಕಾದಷ್ಟಿದೆ.

ಮರುದಿನ ಬೆಳಗ್ಗೆ ನಫೀಸಾ ಓಡುತ್ತಲೇ ಬಂದಳು. ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. ದುಂಡನೆಯ ಪ್ಲೇಟಿನ ತುಂಬ ಚಿಕ್ಕ ಚಿಕ್ಕ ಚುಕ್ಕೆ, ನಡುವೆ ಕಡುಗೆಂಪು, ಸುತ್ತ ತೆಳ್ಳಗಿನ ಬಿಳಿ ಅಂಚು. "ಬಂದೈತ್ರಿ! ನಿಮ್ಮದು ಅದಾ ಐತ್ರಿ!" ಎಂದಳು. ತನ್ನ ಸಂಶೋಧನೆಗೆ ಸಿಕ್ಕಿತೆಂಬ ಖುಷಿಯೋ, ನಾನು ಉಳಿಯುತ್ತೇನೆಂಬ ಖುಷಿಯೋ, ಎರಡೂ ಇರಬೇಕು. ಕೂಡಲೇ ನಾಲಿಗೆ ಕಚ್ಚಿಕೊಂಡು, "ಖುಷಿ ಪಡಬಾರದಿತ್ತೇನೋ ರೀ," ಎಂದಳು. ನಾನು ಅವಳ ಕೈ ಹಿಡಿದುಕೊಂಡೆ. ಜನ್ಮಪೂರ್ತಿಯ ರೋಗವಲ್ಲ, ಹೋಗುವ ರೋಗ. ಇದಕ್ಕಿಂತ ಒಳ್ಳೆಯ ಸುದ್ದಿ ನನಗೆ ಯಾರೂ ಕೊಟ್ಟಿರಲಿಲ್ಲ. ಸ್ಟೆರಾಯ್ಡ್ ಬೇಡವಾಯಿತು. ಕಬ್ಬಿಣದ ಗುಳಿಗೆ ಸದ್ಯಕ್ಕೆ ನಿಲ್ಲಿಸಿದರು. ಆ ಸಂಜೆ ಜ್ವರ ಮೊದಲ ಸಲ ನೂರರ ಕೆಳಗೆ ಬಂತು.

ಹಾಗೆಂದು ಎಲ್ಲ ಅಲ್ಲಿಗೇ ಮುಗಿಯಲಿಲ್ಲ. ಮನೆಗೆ ಬಂದು ಹತ್ತು ದಿನದ ಮೇಲೆ ಎರಡೂ ಮೊಣಕಾಲು ಬಾತುಕೊಂಡವು. ಕ್ರಿಮಿ ಹೋದರೂ ಅದರ ಜೊತೆ ಮೈ ಹೊಡೆದಾಡಿದ ಸಿಟ್ಟು ಕೆಲವರ ಕೀಲುಗಳಲ್ಲಿ ಉಳಿಯುತ್ತದೆ, ಇಳಿಯಲು ತಿಂಗಳುಗಟ್ಟಲೆ ಹಿಡಿಯಬಹುದು ಎಂದರು ಡಾಕ್ಟರು. ಕೂತರೆ ಏ‌ಳಲಾಗದು, ಎದ್ದರೆ ಕೂರಲಾಗದು. ಬಸ್ಸಿನ ಮೆಟ್ಟಿಲು ನನಗೆ ಬೆಟ್ಟವಾಯಿತು. ನಿಮಗೂ ಹೀಗಾದರೆ ಹೆದರಬೇಡಿ, ನಿಧಾನಕ್ಕೆ ಇಳಿಯುತ್ತದೆ. ನಿಮ್ಮ ಮನೆಯವರು ಇದು ಮೈಗಳ್ಳತನ ಎಂದರೆ ಮಾತ್ರ ಸುಮ್ಮನಿರಬೇಡಿ.

ಮನೆಯಲ್ಲಿ ಹಾಲು ಕಾಸುವುದು ಶುರುವಾಯಿತು. ಫ್ರಿಜ್ಜು ಬಿಸಿನೀರಿನಲ್ಲಿ ತೊಳೆದೆವು. ನಮ್ಮ ಓಣಿಯ ಮೂರು ಮನೆಯವರು ಅತ್ತೆಯಿಂದ ಸಂಜೆಯ ನೊರೆಹಾಲು ಒಯ್ಯುತ್ತಿದ್ದರು. ಎಮ್ಮೆ ಬತ್ತುತ್ತಿದೆ ಎಂದು ನೆಪ ಹೇಳಿ ಅತ್ತೆ ಅವರಿಗೆ ಕೊಡುವುದು ನಿಲ್ಲಿಸಿದರು. ನಿಜವಾದ ಕಾರಣ ಹೇಳಲಿಲ್ಲ. ಊರಿಗೆ ನಾವು ಹೊಟ್ಟೆ ಜಡ್ಡು ಎಂದಷ್ಟೇ ಹೇಳಿದ್ದೆವು. ಆ ಮನೆಯವರು ಬೇರೆ ಕಡೆಯಿಂದ ಹಸಿ ಹಾಲು ತರುವುದನ್ನು ದಿನಾ ನೋಡುತ್ತಿದ್ದೆವು. ಹೇಳಬೇಕು ಎಂದು ನಾನೂ ಬಾಯಿ ತೆರೆದು ಮತ್ತೆ ಮುಚ್ಚಿದ್ದೆ. ತಂಬಿಗೆಯ ಫಲಿತಾಂಶ ಬರಲಿ ಎಂಬುದು ನಮ್ಮಿಬ್ಬರ ಸಮಾಧಾನ. ಆ ಹಾಲನ್ನು ವಾರಗಟ್ಟಲೆ ತಣ್ಣಗಿಟ್ಟು ನೋಡಬೇಕು ಎಂದು ನಫೀಸಾ ಹೇಳಿದ್ದಳು.

ಅವಳ ಫೋನು ಬಂದದ್ದು ಒಂದು ಭಾನುವಾರ ಸಂಜೆ. ನಾನು ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದೆ. ಅತ್ತೆ ಆಗಷ್ಟೇ ಎಮ್ಮೆ ಹಿಂಡಿ ಒಳಗೆ ಬಂದಿದ್ದರು. "ಸಿಕ್ಕೈತ್ರಿ ಅಕ್ಕಾರ. ನಿಮ್ಮ ಹೊಟ್ಟ್ಯಾಗ ಇದ್ದದ್ದ, ಹಾಲಿನ್ಯಾಗೂ ಐತಿ," ಎಂದಳು ನಫೀಸಾ. ಅತ್ತೆ ಬಕೆಟ್ಟು ಕೈಯಲ್ಲಿ ಹಿಡಿದೇ ನಿಂತು ನನ್ನನ್ನು ನೋಡುತ್ತಿದ್ದರು.

ಫೋನಿಟ್ಟೆ. "ಏನಂದ್ಲು?" ಎಂದು ಕೇಳಿದರು.

ಸಿಗಲಿಲ್ಲವಂತೆ ಎಂದುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಎಪ್ಪತ್ತು ದಾಟಿದ ಜೀವ, ಯಾಕೆ ನೋಯಿಸಬೇಕು?

"ಸಿಕ್ಕೈತ್ರಿ ಅತ್ತಿ. ನಮ್ಮ ಹಾಲಿನ್ಯಾಗ ಇತ್ತಂತ," ಎಂದೆ.

ಅವರು ಬಕೆಟ್ಟು ಕೆಳಗಿಟ್ಟರು. ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡರು. ನಾನು ಏನೋ ಹೇಳಹೋದೆ. ಕೈ ಎತ್ತಿ ತಡೆದರು. ಆಮೇಲೆ ಸೆರಗು ತಲೆಗೆಳೆದುಕೊಂಡು, ಚಪ್ಪಲಿ ಕೂಡ ಹಾಕಿಕೊಳ್ಳದೆ ಹೊರಗೆ ಹೊರಟರು. ಗೋಡೆ ಹಿಡಿದು ಎದ್ದು ನಾನು ಬಾಗಿಲಿಗೆ ಬರುವಷ್ಟರಲ್ಲಿ ಪಕ್ಕದ ಮನೆಯ ಕಟ್ಟೆಯ ಮೇಲಿದ್ದರು. ಆ ಮನೆಯ ಶೋಭಾ ಹೆರಿಗೆಯಾದ ಮಗಳಿಗೆಂದು ದಿನಾ ಹಸಿ ಹಾಲು ತರಿಸುತ್ತಿದ್ದಳು.

"ಏ ಶೋಭಾ, ಹೊರಗ ಬಾ," ಎಂದು ಅತ್ತೆ ಇಡೀ ಓಣಿಗೆ ಕೇಳುವಂತೆ ಕೂಗಿದರು. "ನನ್ನ ಸೊಸೀಗಿ ಏನಾಗಿತ್ತು ಅಂತ ಕೇಳತಿದ್ದೆಲ್ಲ? ನಾ ಕುಡಿಸಿದ ಹಸಿ ಹಾಲಿನಿಂದ ಆಗಿತ್ತು. ತಪಾಸ ಮಾಡಿ ಹೇಳ್ಯಾರ. ನನ್ನ ಕೈಲೇ ನಾ ಆಕೀನ ಕೊಲ್ಲಾಕ ಹೊಂಟಿದ್ನಿ."

ಅಕ್ಕಪಕ್ಕದ ಬಾಗಿಲುಗಳು ತೆರೆದವು. ಶೋಭಾ ಗಾಬರಿಯಿಂದ ಅವರ ಕೈ ಹಿಡಿದು, "ಹಂಗ್ಯಾಕ ಅಂತೀರಿ ಕಾಕೂ, ನೀವೇನ ಬೇಕಂತ ಮಾಡೀರೇನು? ಬರ್ರಿ, ಒಳಗ ಬರ್ರಿ, ಚಹಾ ಕುಡಿಯೂಣು," ಎಂದಳು.

ಅತ್ತೆ ಕೈ ಬಿಡಿಸಿಕೊಂಡರು.

"ನನಗ ಸಮಾಧಾನ ಹೇಳಬ್ಯಾಡ," ಎಂದರು. "ಹಾಲ ಕಾಸ್ತಿಯೋ ಇಲ್ಲೋ, ಅಷ್ಟ ಹೇಳು."